ಕುಮಟಾದಿಂದ ಗೋಕರ್ಣಕ್ಕೆ ನಿಧಾನದ ನಡಿಗೆ: ತಿಥಿ ನೋಡಿ ದಿನ ಗೊತ್ತು ಮಾಡುವುದು

ಕುಮಟಾ ಪೇಟೆಯ ಪಕ್ಕದ ವನ್ನಳ್ಳಿಯಿಂದ ಹೊರಟು ಮಂಗೊಡ್ಲು, ಕಡ್ಲೆ, ಬಾಡ, ಕಾಗಾಲ, ಅಘನಾಶಿನಿ, ತದಡಿ, ಬೇಲೆಕಾನ ದಾಟಿ ಗೋಕರ್ಣದವರೆಗೆ ಕಡಲಂಚಿನಲ್ಲೇ ನಡೆದು ಹೋಗಬಹುದು. ಗಟ್ಟಿಮುಟ್ಟಾದ ಹುಡುಗರು ಬೆನ್ನಿಗೆ ಚೀಲ ಏರಿಸಿ ಎರಡೇ ದಿನದಲ್ಲಿ ಮುಗಿಸುತ್ತಾರೆ. ನಾವು ಅದನ್ನೇ ಐದು ದಿನಕ್ಕೆ ಹರಡಿ, ನಡುವೆ ಒಂದು ದಿನ ಮಿರ್ಜಾನ ಕೋಟೆ ಮತ್ತು ಯಾಣದ ಕಾಡನ್ನು ಸೇರಿಸಿ, ಐವತ್ತು-ಅರವತ್ತು ದಾಟಿದವರನ್ನು ಕರೆದುಕೊಂಡು ಹೋಗುತ್ತೇವೆ. ದಿನಕ್ಕೆ ಏಳೆಂಟು ಕಿ.ಮೀ.ಗಿಂತ ಹೆಚ್ಚಿಲ್ಲ. ದೊಡ್ಡ ಚೀಲ ವಾಹನದಲ್ಲಿ ಬರುತ್ತದೆ, ಹೆಗಲ ಮೇಲೆ ನೀರು ಮತ್ತು ಟವೆಲ್ ಅಷ್ಟೇ.

ದೂರ ಕಡಿಮೆ ಮಾಡಿದ ಮಾತ್ರಕ್ಕೆ ನಡಿಗೆ ಸುಲಭವಾಗುವುದಿಲ್ಲ. ತಪ್ಪು ಹೊತ್ತಿನಲ್ಲಿ ನಡೆದರೆ ನಾಲ್ಕು ಕಿ.ಮೀ. ಮರಳೂ ಸುಸ್ತು ಮಾಡುತ್ತದೆ. ನೀರು ಇಳಿದಾಗ ಅಲೆಯಂಚಿನ ಒದ್ದೆ ಮರಳು ಗಚ್ಚಿನ ನೆಲದ ಹಾಗೆ ಗಟ್ಟಿ, ಹೆಜ್ಜೆ ಗುರುತು ಬೆರಳಗಲವೂ ಇಳಿಯುವುದಿಲ್ಲ. ಭರತದಲ್ಲಿ, ಅಂದರೆ ನೀರು ಏರಿದಾಗ, ಆ ಪಟ್ಟಿ ಪೂರ್ತಿ ಮುಳುಗುತ್ತದೆ. ಆಗ ಮೇಲಿನ ಒಣ ಮರಳಿನಲ್ಲೇ ನಡೆಯಬೇಕು, ಪಾದ ಹೂತು ಹಿಂದಕ್ಕೆ ಜಾರುತ್ತದೆ, ಅರ್ಧ ಗಂಟೆಯೊಳಗೆ ಮೀನಖಂಡ ಹಿಡಿಯುತ್ತದೆ. ಹಾಗಾಗಿ ನಾವು ಮೊದಲು ನೀರಿನ ಹೊತ್ತು ನೋಡುತ್ತೇವೆ, ಆಮೇಲೆ ರೈಲಿನ ಟಿಕೆಟ್, ಕೊನೆಗೆ ರೂಮು.

ಲೆಕ್ಕ ಕಷ್ಟದ್ದಲ್ಲ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದೊಂದೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ದಿನಗಳಲ್ಲಿ ಇಳಿತ ನಸುಕಿಗೇ ಮುಗಿದು, ನಾವು ಹೊರಡುವ ಹೊತ್ತಿಗೆ ನೀರು ಏರಲು ಶುರುವಾಗಿರುತ್ತದೆ. ನಡುಹಗಲಿಗೆ ಸ್ವಲ್ಪ ಮುಂಚೆ ತುಂಬು ಭರತ, ಅದೂ ತಿಂಗಳ ದೊಡ್ಡ ಭರತಗಳಲ್ಲಿ ಒಂದು. ನಮ್ಮ ಕೆಲಸಕ್ಕೆ ಅದು ಬರುವುದಿಲ್ಲ. ಎರಡೂ ಪಕ್ಷಗಳ ಪಂಚಮಿಯಿಂದ ಅಷ್ಟಮಿಯ ಆಸುಪಾಸಿನಲ್ಲಿ ಇಳಿತ ಬೆಳಗ್ಗೆ ಎಂಟರಿಂದ ಹನ್ನೊಂದರೊಳಗೆ ಬೀಳುತ್ತದೆ. ಆ ದಿನಗಳಲ್ಲಿ ನೀರು ಅಮಾವಾಸ್ಯೆಯಷ್ಟು ಹಿಂದೆ ಸರಿಯುವುದಿಲ್ಲ ನಿಜ, ಆದರೆ ಅಷ್ಟು ಮೇಲಕ್ಕೂ ಬರುವುದಿಲ್ಲ. ಚೌತಿ ಅಥವಾ ಪಂಚಮಿಗೆ ಶುರು ಮಾಡಿ ನವಮಿಯೊಳಗೆ ಮುಗಿಸುವುದು ನಮ್ಮ ರೂಢಿ. ಪಂಚಾಂಗ ನೋಡಿ ವಾರ ಆರಿಸಿಕೊಳ್ಳಿ, ನಿಮಿಷದ ಲೆಕ್ಕಕ್ಕೆ ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿಯನ್ನೇ ನೋಡಿ. ಹೊರಡುವ ಹಿಂದಿನ ದಿನ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್ಕಾಯಿಸ್ (INCOIS) ಕೊಡುವ ಎತ್ತರದ ಅಲೆಗಳ ಮುನ್ನೆಚ್ಚರಿಕೆ ನೋಡುವುದನ್ನು ತಪ್ಪಿಸಬೇಡಿ. ಆಕಾಶ ಶುಭ್ರವಾಗಿದ್ದರೂ ದೂರದ ಸಮುದ್ರದಲ್ಲೆಲ್ಲೋ ಎದ್ದ ಅಲೆ ಇಲ್ಲಿಗೆ ಬಂದು ಬಡಿಯುತ್ತದೆ.

ತಿಂಗಳುಗಳ ವಿಷಯದಲ್ಲಿ ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆವರೆಗೆ, ಅಷ್ಟೇ. ಮಾರ್ಚ್ ನಂತರ ಸೆಕೆ, ಜೂನ್ ನಂತರ ಕಡಲಿನ ಹತ್ತಿರ ಹೋಗುವ ಮಾತೇ ಇಲ್ಲ. ಶಿವರಾತ್ರಿಯ ವಾರ ಗೋಕರ್ಣದಲ್ಲಿ ತೇರು, ಜನಸಾಗರ. ಜಾತ್ರೆ ನೋಡಬೇಕೆಂದರೆ ಬನ್ನಿ, ಆಗ ನಡಿಗೆ ಇಟ್ಟುಕೊಳ್ಳಬೇಡಿ. ಕೊನೆಯ ದಿನ ಶನಿವಾರ-ಭಾನುವಾರ ಬೀಳದ ಹಾಗೂ ನೋಡಿಕೊಳ್ಳಬೇಕು.

ದಿಕ್ಕಿನ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ. ನಾವು ಯಾವಾಗಲೂ ಕುಮಟಾದಿಂದ ಉತ್ತರಕ್ಕೆ ನಡೆಯುತ್ತೇವೆ. ಚಳಿಗಾಲದಲ್ಲಿ ಸೂರ್ಯ ಆಗ್ನೇಯಕ್ಕೆ ಹುಟ್ಟುವುದರಿಂದ ಬೆಳಗಿನ ಬಿಸಿಲು ಬೆನ್ನಿಗೆ ಬೀಳುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಇನ್ನೊಂದು ಸಂಗತಿ, ದಂಡೆ ಎಂದೂ ಸಪಾಟಾಗಿರುವುದಿಲ್ಲ, ನೀರಿನ ಕಡೆಗೆ ವಾಲಿರುತ್ತದೆ. ಉತ್ತರಕ್ಕೆ ಹೋಗುವಾಗ ಎಡಗಾಲು ತಗ್ಗಿನಲ್ಲಿ, ಬಲಗಾಲು ಎತ್ತರದಲ್ಲಿ. ಇಡೀ ಬೆಳಗ್ಗೆ ಹೀಗೇ ನಡೆದರೆ ಸಂಜೆಗೆ ಸೊಂಟದ ಒಂದು ಬದಿ ನೋಯುತ್ತದೆ. ಇಳಿತ ಕೆಳಗಿರುವ ಹೊತ್ತಿನಲ್ಲಿ ಅಲೆಯಂಚಿನ ಮರಳು ಹೆಚ್ಚು ಸಮತಟ್ಟು, ಅಲ್ಲೇ ನಡೆಯಬೇಕು. ಇಳಿಜಾರು ಜೋರಾಗಿದ್ದಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಗಾಳಿಮರದ ತೋಪಿನೊಳಕ್ಕೆ ಹತ್ತಿ ಸ್ವಲ್ಪ ದೂರ ಗಟ್ಟಿ ನೆಲದಲ್ಲಿ ನಡೆದು ಮತ್ತೆ ಇಳಿಯುತ್ತೇವೆ.

ದಿನಚರಿ ಹೀಗೆ. ಬೆಂಗಳೂರಿನಿಂದ ಬರುವವರು ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಬಂದು ಬೆಳಗ್ಗೆ ಕುಮಟಾದಲ್ಲಿ ಇಳಿಯುತ್ತಾರೆ. ಆ ದಿನ ನಿದ್ದೆ, ಊಟ, ಸಂಜೆ ದಂಡೆಯ ಮೇಲೆ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಯಾರ ಚಪ್ಪಲಿ ಸರಿಯಿಲ್ಲ, ಯಾರು ಏರಿನಲ್ಲಿ ನಿಲ್ಲುತ್ತಾರೆ, ಯಾರು ನೋವನ್ನು ಹೇಳದೆ ನುಂಗುತ್ತಾರೆ ಎಂದು ನೋಡಿಟ್ಟುಕೊಳ್ಳುತ್ತೇವೆ. ಎರಡನೇ ದಿನ ವನ್ನಳ್ಳಿಯಿಂದ ಬಾಡದವರೆಗೆ. ಮೂರನೇ ದಿನ ಮಿರ್ಜಾನ, ಯಾಣ. ನಾಲ್ಕನೇ ದಿನ ಬಾಡದಿಂದ ಕಾಗಾಲ, ಅಘನಾಶಿನಿ, ಬಾರ್ಜಿನಲ್ಲಿ ಹೊಳೆ ದಾಟಿ ತದಡಿ. ಐದನೇ ದಿನ ಬೇಲೆಕಾನದಿಂದ ಗೋಕರ್ಣ. ಗುಡ್ಡದ ದಿನವನ್ನು ಬೇಕೆಂದೇ ನಡುವೆ ಇಟ್ಟಿದ್ದೇವೆ. ಮರಳು ಮೀನಖಂಡಕ್ಕೆ ಕೆಲಸ ಕೊಡುತ್ತದೆ, ಮೆಟ್ಟಿಲು ತೊಡೆಗೆ. ಒಂದು ದುಡಿಯುವಾಗ ಇನ್ನೊಂದಕ್ಕೆ ವಿಶ್ರಾಂತಿ. ಮೂರು ರಾತ್ರಿ ಕುಮಟಾದಲ್ಲೇ ಉಳಿಯುವುದರಿಂದ ಚೀಲ ಕಟ್ಟಿ ಬಿಚ್ಚುವ ಕೆಲಸ ಒಂದೇ ಸಲ.

ಬೆಳಗ್ಗೆ ಆರೂ ಮುಕ್ಕಾಲಿಗೆ ಹೊರಟು ಹತ್ತೂವರೆಗೆ ನೆರಳು ಸೇರಬೇಕು. ವೇಗ ಗಂಟೆಗೆ ಎರಡು ಕಿ.ಮೀ. ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ, ಮುಂದೊಬ್ಬರು ಹಿಂದೊಬ್ಬರು ದಾರಿ ತೋರುವವರು. ಹಿಂದಿನವರು ಎಷ್ಟೇ ನಿಧಾನವಾದರೂ ಯಾರನ್ನೂ ದಾಟಿ ಮುಂದೆ ಹೋಗುವಂತಿಲ್ಲ. ಮುಂದಿನವರು ಪ್ರತಿ ಏರಿನ ತಲೆಯಲ್ಲಿ ನಿಂತು, ಕೊನೆಯವರು ಬಂದು ಉಸಿರು ಹಿಡಿದ ಮೇಲೆ ಎರಡು ನಿಮಿಷ ಕಳೆದು ಹೊರಡಬೇಕು. ಕೊನೆಯವರು ಬಂದ ತಕ್ಷಣ ಹೊರಟರೆ ನಿಧಾನದವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ, ಬೇಗ ಬಂದವರಿಗೆ ಮಾತ್ರ ಸಿಗುತ್ತದೆ.

ನೀರು ತಲೆಗೆ ಎರಡು ಲೀಟರ್. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಉಪ್ಪು-ಸಕ್ಕರೆ ಹಾಕಿದ ಮುರುಗಲು (ಕೋಕಂ) ನೀರು ಅಥವಾ ಓಆರ್‌ಎಸ್. ಕಡಲಗಾಳಿಯಲ್ಲಿ ಬೆವರು ತಕ್ಷಣ ಆರುವುದರಿಂದ ಎಷ್ಟು ಬೆವರಿದ್ದೇವೆ ಎಂಬುದು ಗೊತ್ತೇ ಆಗುವುದಿಲ್ಲ. ತಲೆನೋವು ಬಂದ ಮೇಲೆ ಕುಡಿದು ಪ್ರಯೋಜನವಿಲ್ಲ, ಇಪ್ಪತ್ತು ನಿಮಿಷಕ್ಕೆ ನಾಲ್ಕು ಗುಟುಕು ಎಂದು ಹೇಳಿ ಕುಡಿಸಬೇಕು. ನೀರು ಕುಡಿದರೆ ಶೌಚದ ತೊಂದರೆ ಎಂದು ಹೆಂಗಸರು ಬೆಳಗಿನಿಂದ ಬಾಯಿ ಒಣಗಿಸಿಕೊಂಡೇ ನಡೆಯುತ್ತಾರೆ. ಇದು ಬಾಯಿಬಿಟ್ಟು ಯಾರೂ ಹೇಳದ, ಆದರೆ ಪ್ರತಿ ತಂಡದಲ್ಲೂ ಇರುವ ಕಷ್ಟ. ಅದಕ್ಕೇ ಪ್ರತಿ ಒಂದೂವರೆ ಗಂಟೆಗೆ ಒಂದು ಮನೆಯನ್ನು ಮೊದಲೇ ಗೊತ್ತು ಮಾಡಿ, ಆ ಮನೆಯವರಿಗೆ ಹಣ ಕೊಟ್ಟು, ಬಚ್ಚಲು ಮತ್ತು ಆಸರಿಗೆ (ದಣಿವಾರಿಸುವ ಪಾನೀಯ) ಎರಡೂ ಸಿಗುವ ಹಾಗೆ ಮಾಡಿರುತ್ತೇವೆ. ಮೊದಲ ದಿನವೇ ಎಲ್ಲರ ಎದುರು ಹೊತ್ತು ಸಮೇತ ಹೇಳಿಬಿಟ್ಟರೆ ನೀರು ಕುಡಿಯುವುದು ತಾನಾಗಿ ಸರಿಹೋಗುತ್ತದೆ.

ಕಾಲಿಗೆ ಎರಡು ಜೊತೆ ಬೇಕು. ಮರಳಿಗೆ ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್, ಗುಡ್ಡಕ್ಕೆ ಹಲ್ಲುಗಳಿರುವ ಹಳೇ ಬೂಟು. ಹೊಸ ಬೂಟು ಬೇಡವೇ ಬೇಡ. ಬರಿಗಾಲಲ್ಲಿ ಒದ್ದೆ ಮರಳಿನ ಮೇಲೆ ನಡೆಯುವುದು ಹಿತ, ಆದರೆ ಒಂದು ಕಿ.ಮೀ. ಸಾಕು. ಹಿಮ್ಮಡಿ ಎತ್ತರದ ಪಾದರಕ್ಷೆಗೆ ಒಗ್ಗಿದ ನರ ಅದಕ್ಕಿಂತ ಹೆಚ್ಚು ಎಳೆದರೆ ಮರುದಿನ ಹಾಸಿಗೆಯಿಂದ ಇಳಿಯುವಾಗ ತಿಳಿಯುತ್ತದೆ. ಬಂಡೆಗಳಿಗೆ ಬರಿಗಾಲು ಸಲ್ಲದು. ನೀರು ಬಡಿಯುವ ಮಟ್ಟದಲ್ಲಿ ಅಂಟಿಕೊಂಡ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ, ಆ ಗಾಯ ಬೇಗ ಕೀವು ಕಟ್ಟುತ್ತದೆ.

ದಂಡೆಯಿಂದ ದಂಡೆಗೆ ದಾಟಿಸುವ ಗುಡ್ಡಗಳು ಎತ್ತರದವಲ್ಲ. ತೊಂದರೆ ಇರುವುದು ಇಳಿಯುವಲ್ಲಿ. ಚಿರೆಕಲ್ಲಿನ (ಜಂಬಿಟ್ಟಿಗೆ) ಗಟ್ಟಿ ಹಾಸಿನ ಮೇಲೆ ಕಡಲೆಕಾಳಿನ ಗಾತ್ರದ ಕೆಂಪು ಹರಳುಗಳು ಸಡಿಲವಾಗಿ ಹರಡಿರುತ್ತವೆ. ಕಾಲಿಟ್ಟರೆ ಅವು ಗೋಲಿಗಳ ಹಾಗೆ ಉರುಳುತ್ತವೆ. ಡಿಸೆಂಬರ್ ಹೊತ್ತಿಗೆ ಅದರ ಮೇಲೆ ಒಣಗಿದ ಕರಡ ಹುಲ್ಲು ಮಲಗಿರುತ್ತದೆ, ಹರಳು ಕಾಣುವುದೂ ಇಲ್ಲ. ಹೆದರಿದವರು ಹಿಂದಕ್ಕೆ ವಾಲಿ ಹಿಮ್ಮಡಿ ಊರುತ್ತಾರೆ, ಅಲ್ಲೇ ಜಾರುವುದು. ಹೆಜ್ಜೆ ಸಣ್ಣದಿರಲಿ, ಮಂಡಿ ತುಸು ಬಾಗಿರಲಿ, ಪಾದ ಪೂರ್ತಿ ಊರಲಿ, ಮೈಭಾರ ಮುಂದಿನ ಪಾದದ ನೇರಕ್ಕೆ ಬರಲಿ. ಹರಳಿಲ್ಲದೆ ಬೋಳಾಗಿ ಎದ್ದು ನಿಂತ ಕಲ್ಲಿನ ಮೇಲೆಯೇ ಕಾಲಿಡಬೇಕು. ಎದೆಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬರುವಷ್ಟು ಉದ್ದದ ಬಿದಿರು ಕೋಲನ್ನು ತಗ್ಗಿನ ಕಡೆಗೆ ಮೊದಲು ಊರಿ, ಆಮೇಲೆ ಕಾಲು. ಕೈ ಹಿಡಿದು ಇಳಿಸುವುದಕ್ಕಿಂತ ಇದು ವಾಸಿ, ಕೈ ಹಿಡಿದರೆ ಬೀಳುವಾಗ ಇಬ್ಬರೂ ಬೀಳುತ್ತಾರೆ.

ಗುಡ್ಡದ ದಿನಕ್ಕೆ ವಾಹನ ಬೇಕು. ಮಿರ್ಜಾನ ಕೋಟೆ ಹೆದ್ದಾರಿಗೆ ಹತ್ತಿರ, ಬೆಳಗಿನ ಎಳೆಬಿಸಿಲಿನಲ್ಲಿ ಚಿರೆಕಲ್ಲಿನ ಗೋಡೆಗಳ ನಡುವೆ ಒಂದು ಗಂಟೆ ಸಾಕು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಕೋಟೆ ಇದು. ಗೋಡೆಯ ಮೇಲಿನ ಪಾಚಿ ನವೆಂಬರಿನಲ್ಲಿ ಇನ್ನೂ ಜಾರುತ್ತದೆ. ಅಲ್ಲಿಂದ ಯಾಣ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಪ್ಪು ಸುಣ್ಣದ ಬಂಡೆ ಹೀಗೆ ಕಾಡಿನ ನಡುವಿನಿಂದ ಸೀದಾ ಮೇಲಕ್ಕೆ ಎದ್ದು ನಿಂತಿರುವುದನ್ನು ಅವಸರದಲ್ಲಿ ನೋಡಬಾರದು. ಮೆಟ್ಟಿಲು ಹತ್ತಿ ಬಂದ ಮೇಲೆ ಹತ್ತು ನಿಮಿಷ ಎಲ್ಲರನ್ನೂ ಸುಮ್ಮನೆ ಕೂರಿಸುತ್ತೇವೆ. ಬಂಡೆಯಲ್ಲಿ ಹೆಜ್ಜೇನು ಗೂಡು ಕಟ್ಟಿರುತ್ತದೆ: ಅತ್ತರು, ಹೊಗೆ, ಕೂಗಾಟ ಮೂರೂ ಬೇಡ.

ಕಾಡಿನ ಉಣ್ಣಿಯ ಬಗ್ಗೆ ಮಾತ್ರ ಖಡಕ್ಕಾಗಿರುತ್ತೇವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಾದ, ಉಣ್ಣಿ ಕಚ್ಚಿ ಹರಡುವ ಮಂಗನ ಕಾಯಿಲೆ ಈ ಜಿಲ್ಲೆಯ ಕಾಡಂಚಿನಲ್ಲೂ ಇದೆ, ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ತುಂಬುತೋಳು, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ತೆರೆದ ಚರ್ಮಕ್ಕೆ ಉಣ್ಣಿ ಓಡಿಸುವ ಎಣ್ಣೆ. ತರಗೆಲೆ ಮೇಲೆ ಕೂರುವಂತಿಲ್ಲ. ಸಂಜೆ ಬಿಸಿನೀರು ಸ್ನಾನ ಮಾಡಿ ಕಂಕುಳು, ಕಿವಿಯ ಹಿಂದೆ, ಸೊಂಟಪಟ್ಟಿಯ ಜಾಗ ನೋಡಿಕೊಳ್ಳಬೇಕು, ಬಟ್ಟೆ ಬಿಸಿನೀರಿಗೆ ಹಾಕಬೇಕು. ಮನೆಗೆ ಹೋದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಹೇಳಲೇಬೇಕು.

ನಾಲ್ಕನೇ ದಿನದಷ್ಟು ತುಂಬಿದ ದಿನ ಇನ್ನೊಂದಿಲ್ಲ. ಅಣೆಕಟ್ಟು ಕಾಣದೆ ಕಡಲು ಸೇರುವ ಹೊಳೆ ಅಘನಾಶಿನಿ. 2024ರಲ್ಲಿ ಅದರ ಅಳಿವೆ ರಾಮ್‌ಸಾರ್ ತಾಣಗಳ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳ, ಪಟ್ಟಿ ಸೇರಿತು. ಇಳಿತದ ಹೊತ್ತಿಗೆ ಅಲ್ಲಿ ಸೇರಿದರೆ ಬಳಚು (ಕಪ್ಪೆಚಿಪ್ಪು) ತೆಗೆಯುವವರನ್ನು ನೋಡಬಹುದು. ಸೊಂಟಮಟ್ಟದ ನೀರಿನಲ್ಲಿ ನಿಂತು, ಪಾದದಿಂದಲೇ ಕೆಸರು ತಡಕಿ, ಚಿಪ್ಪು ತಾಗಿದಲ್ಲಿ ಮುಳುಗಿ ಕೈಯಲ್ಲಿ ಬಾಚುತ್ತಾರೆ. ಅದು ಅವರ ದುಡಿಮೆಯ ಹೊತ್ತು, ಕೇಳದೆ ಫೋಟೋ ತೆಗೆಯಬೇಡಿ. ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳೂ ಈ ಅಳಿವೆಯ ಅಂಚಿನವೇ. ಹೊಳೆ ದಾಟುವ ಬಾರ್ಜಿನ ಹೊತ್ತನ್ನು ಹಿಂದಿನ ದಿನವೇ ಕೇಳಿಕೊಂಡಿರಬೇಕು. ತಪ್ಪಿದರೆ ಬಿಸಿಲಿನಲ್ಲಿ ಕಾಯಬೇಕು, ವಾಹನದಲ್ಲಾದರೆ ಮಿರ್ಜಾನದ ಕಡೆಯಿಂದ ದೊಡ್ಡ ಸುತ್ತು. ತದಡಿಯಿಂದ ಗೋಕರ್ಣಕ್ಕೆ ವಾಹನದಲ್ಲಿ ಹೋಗುವಾಗ ಸಾಣಿಕಟ್ಟೆಯ ಉಪ್ಪಿನಾಗರದ ಬಳಿ ನಿಲ್ಲಿಸುತ್ತೇವೆ.

ಐದನೇ ದಿನ ಬೇಲೆಕಾನದಿಂದ ಪ್ಯಾರಡೈಸ್, ಹಾಫ್‌ಮೂನ್ ದಾಟಿ ಓಂ ಬೀಚ್ ಮುಟ್ಟುವವರೆಗೆ ವಾಹನದ ದಾರಿಯಿಲ್ಲ. ಕಾಲ್ದಾರಿ, ಇಲ್ಲವೇ ದೋಣಿ. ಆದ್ದರಿಂದ ಹಿಂದಿನ ರಾತ್ರಿಯೇ ಒಬ್ಬೊಬ್ಬರನ್ನೂ ಪ್ರತ್ಯೇಕ ಕೇಳುತ್ತೇವೆ. ಮಂಡಿ ಊದಿಕೊಂಡವರು, ಏರಿನಲ್ಲಿ ತಲೆಸುತ್ತು ಬಂದವರು ವಾಹನದಲ್ಲಿ ಓಂ ಬೀಚಿಗೆ ಬಂದು ಅಲ್ಲಿಂದ ಸೇರಿಕೊಳ್ಳುತ್ತಾರೆ. "ಅಮ್ಮಾ, ನೀವು ಓಂ ಬೀಚಲ್ಲಿ ಎಳನೀರು ಹೇಳಿ ಇಟ್ಟಿರಿ, ನಾವು ಹತ್ತು ಗಂಟೆಗೆ ಬರ್ತೇವೆ" ಎಂದರೆ ಯಾರಿಗೂ ಸೋತೆವೆಂಬ ಭಾವ ಬರುವುದಿಲ್ಲ. ಪ್ಯಾರಡೈಸ್ ಮತ್ತು ಹಾಫ್‌ಮೂನ್ ನಡುವಿನ ಬಂಡೆಗಳ ಕೆಳದಾರಿ ಇಳಿತದಲ್ಲೂ ಒದ್ದೆ. ನೀರು ಏರುತ್ತಿದ್ದರೆ ಅತ್ತ ತಿರುಗಿಯೂ ನೋಡದೆ ಮೇಲಿನ ಕಾಲ್ದಾರಿ ಹಿಡಿಯಬೇಕು, ಹದಿನೈದು ನಿಮಿಷ ಹೆಚ್ಚಾದರೆ ಆಗಲಿ. ಸೆಲ್ಫಿಗೆಂದು ಬಂಡೆಯ ತುದಿಗೆ ಹೋಗುವುದನ್ನು ತಡೆಯಲು ದಾರಿ ತೋರುವವರೊಬ್ಬರು ಆ ತುದಿಯಲ್ಲೇ ನಿಂತಿರುತ್ತಾರೆ. ಈಜು ಎಲ್ಲಿಯೂ ಇಲ್ಲ, ಜೀವರಕ್ಷಕರಿದ್ದಲ್ಲಿ ಮಂಡಿಮಟ್ಟಕ್ಕೆ ಇಳಿಯಬಹುದು. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಹೆಚ್ಚಾಗಿ ಒಳಸೆಳೆತದ ಜಾಗ. ಅಂಬಲಿಮೀನು (ಜೆಲ್ಲಿಫಿಶ್) ತಾಗಿದರೆ ಮರಳಿನಿಂದ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಕಡ್ಡಿಯಿಂದ ಎಳೆಗಳನ್ನು ತೆಗೆದು, ಕಡಲ ನೀರಿನಲ್ಲೇ ತೊಳೆದು, ಆಮೇಲೆ ತಾಳುವಷ್ಟು ಬಿಸಿನೀರಿನಲ್ಲಿ ಇಡಿ.

ಓಂ ಬೀಚಿನಿಂದ ಕುಡ್ಲೆ, ಕುಡ್ಲೆಯಿಂದ ಬೋಳು ಚಿರೆಕಲ್ಲಿನ ಬಯಲು. ಇಲ್ಲಿ ನೆರಳೇ ಇಲ್ಲ, ಹನ್ನೊಂದರೊಳಗೆ ದಾಟಿಬಿಡಬೇಕು. ತುದಿಯಲ್ಲಿ ರಾಮತೀರ್ಥ, ಕೆಳಗೆ ಗೋಕರ್ಣದ ದಂಡೆ. ತೀರ್ಥದ ತಣ್ಣೀರಿನಲ್ಲಿ ಕಾಲು ತೊಳೆದ ಮೇಲೆ ಬೆರಳ ಸಂದಿಯಲ್ಲಿ ಉಳಿದ ಮರಳನ್ನು ಒಣಬಟ್ಟೆಯಲ್ಲಿ ಒರೆಸಬೇಕು. ರೂಮಿಗೆ ಹೋಗಿ ಬೂಟು, ಸ್ಯಾಂಡಲ್‌ಗಳನ್ನು ಸಿಹಿನೀರಿನಲ್ಲಿ ಎರಡು ಸಲ ಅದ್ದಿ, ಹಳೇ ಪೇಪರು ತುರುಕಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಅಟ್ಟೆಯ ಗಮ್ ಬಿಟ್ಟುಕೊಳ್ಳುತ್ತದೆ.