ಹಾಡಿನ ವಿಡಿಯೋಗೆ ಗತ್ತು ತಂದಿದ್ದು ಕ್ರೇನ್ ಅಲ್ಲ

ಹಾಡುವವರಿಗೆ ಗತ್ತು ಬೇಕಾ? ಕ್ಯಾಮೆರಾ ನೆಲಕ್ಕಿಡು, ಕ್ರೇನ್ ತರಿಸು, ಸ್ಲೋ ಮೋಷನ್ ಹಾಕು. ನನಗೂ ಹೀಗೇ ಕಲಿಸಿದ್ದರು, ನಾಲ್ಕು ವಿಡಿಯೋ ಹಾಗೇ ಮಾಡಿದೆ. ಐದನೆಯದಕ್ಕೆ ಅದೆಲ್ಲ ಬಿಟ್ಟು, ಹಾಡುವವಳನ್ನು ಒಂದೇ ಕಡೆ ನಿಲ್ಲಿಸಿ ಕ್ಯಾಮೆರಾ ಕದಲಿಸದೆ ತೆಗೆಯುತ್ತೇನೆ ಅಂದಾಗ ತಂಡದಲ್ಲಿ ಒಬ್ಬರೂ ಒಪ್ಪಲಿಲ್ಲ. "ಫೋಟೋ ಆಗುತ್ತೆ ಸಾರ್, ವಿಡಿಯೋ ಆಗಲ್ಲ" ಅಂದರು ಎಡಿಟರ್.

ಮೊದಲು ಕೈ ಸುಟ್ಟುಕೊಂಡಿದ್ದನ್ನು ಹೇಳಿಬಿಡುತ್ತೇನೆ. ಎರಡನೇ ವಿಡಿಯೋದಲ್ಲಿ ಬಜೆಟ್ಟಿನ ಮೂರರಲ್ಲಿ ಒಂದು ಪಾಲು ಕ್ರೇನ್ ಬಾಡಿಗೆಗೇ ಹೋಯಿತು. ಕೊನೆಗೆ ಎಡಿಟ್‌ನಲ್ಲಿ ಉಳಿದದ್ದು ಒಂಬತ್ತೋ ಹತ್ತೋ ಸೆಕೆಂಡ್ ಅಷ್ಟೇ. ಲೈಟಿಗೆ ದುಡ್ಡು ಉಳಿಯಲಿಲ್ಲ. ಅದೇ ವಿಡಿಯೋದಲ್ಲಿ 18 ಎಂಎಂನ ಅಗಲ ನೋಟದ ಲೆನ್ಸ್ ನೆಲಕ್ಕಿಟ್ಟು ಮುಖ ತೆಗೆದಿದ್ದೆ. ಗಲ್ಲ, ಮೂಗಿನ ಹೊಳ್ಳೆ ದೊಡ್ಡದಾಗಿ ಬಂದವು, ಕಣ್ಣೇ ಕಾಣಲಿಲ್ಲ. ಕಣ್ಣು ಕಾಣದಿದ್ದರೆ ಗತ್ತು ಎಲ್ಲಿಂದ ಬರಬೇಕು?

ಮೂರನೆಯದು ಸಿಟ್ಟಿನ ಹಾಡು, ಹಾಗಾಗಿ ಪೂರ್ತಿ ಕೆಂಪು ಲೈಟ್ ಹಾಕಿದೆ. ಕ್ಯಾಮೆರಾ ಹಿಡಿಯಬಲ್ಲ ಮಿತಿಯನ್ನು ಕೆಂಪು ಬಣ್ಣ ಮೀರಿ, ಮುಖದ ಏರು ತಗ್ಗೆಲ್ಲ ಮಾಯವಾಗಿ, ಬಣ್ಣ ಬಳಿದ ಹಲಗೆಯ ಹಾಗೆ ಕಂಡಿತು. ಮೇಲಾಗಿ ಕಡಿಮೆ ಬೆಲೆಯ ಎಲ್‌ಇಡಿಗಳನ್ನು ತೀರಾ ಡಿಮ್ ಮಾಡಿ ಸೆಕೆಂಡಿಗೆ 96 ಫ್ರೇಮ್, ಅಂದರೆ 96 ಚಿತ್ರದಂತೆ ತೆಗೆದಿದ್ದರಿಂದ ಚಿತ್ರದ ತುಂಬ ಮಿನುಗು ಪಟ್ಟೆಗಳು. ಒಂದು ರಾತ್ರಿಯ ಶೂಟ್ ಪೂರ್ತಿ ದಂಡ. ಮತ್ತೆ ತೆಗೆಯಲು ನನ್ನ ಸಂಭಾವನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಟ್ಟೆ.

ಈಗ ಐದನೆಯದು. 50 ಎಂಎಂ ಲೆನ್ಸ್ (ನೋಟದ ಅಗಲ ಕಡಿಮೆ), ಎದೆಯ ಮಟ್ಟದಲ್ಲಿ ಕ್ಯಾಮೆರಾ, ಅದರ ಮೂತಿ ಮಾತ್ರ ಸ್ವಲ್ಪವೇ ಸ್ವಲ್ಪ ಮೇಲಕ್ಕೆ. ಅವಳು ಫ್ರೇಮಿನ ನಟ್ಟ ನಡುವೆ, ತಲೆಯ ಮೇಲೆ ಜಾಗ ಇಲ್ಲವೇ ಇಲ್ಲ ಅನ್ನಬಹುದು. ಹಿಂದೆ ಹನ್ನೆರಡು ಜನ ಕುಣಿಯುತ್ತಾರೆ, ಅವಳು ಕದಲುವುದಿಲ್ಲ. ಎಲ್ಲರೂ ಓಡಾಡುವಾಗ ನೋಡುವವರ ಕಣ್ಣು ನಿಂತವರ ಮೇಲೇ ಹೋಗುತ್ತೆ, ಅಲ್ವಾ? ಲೈಟ್ ಒಂದೇ, ಮೇಲಿಂದ ಓರೆಯಾಗಿ, ಅದರ ಮುಂದೆ ಬಿಳಿ ಬಟ್ಟೆ. ಇನ್ನೊಂದು ಕೆನ್ನೆಗೆ ಎರಡೇ ಅಡಿ ದೂರದಲ್ಲಿ ಕಪ್ಪು ಬಟ್ಟೆ ಕಟ್ಟಿದೆವು. ಎರಡು ಕೆನ್ನೆಗಳ ನಡುವೆ ಸುಮಾರು ಮೂರು ಸ್ಟಾಪ್ ವ್ಯತ್ಯಾಸ, ಅಂದರೆ ಒಂದಕ್ಕಿಂತ ಇನ್ನೊಂದಕ್ಕೆ ಎಂಟು ಪಟ್ಟು ಬೆಳಕು. ಬೆಳಕು ಹಾಕಿದ್ದಕ್ಕಿಂತ ಬೇಡದ ಬೆಳಕು ತಡೆಯುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಕಣ್ಣಲ್ಲಿ ಒಂದು ಚುಕ್ಕೆ ಹೊಳಪು ಇದೆಯಲ್ಲ, ಅದನ್ನು ಯಾವುದರಿಂದ ತಂದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ವೇಗದ ವಿಷಯ ಇನ್ನೂ ಮುಖ್ಯ. ಹಾಡನ್ನು 125% ವೇಗಕ್ಕೆ ಏರಿಸಿ ಸೆಟ್‌ನಲ್ಲಿ ಹಾಕಿದೆ, ಸೆಕೆಂಡಿಗೆ 30 ಫ್ರೇಮ್‌ನಲ್ಲಿ ತೆಗೆದೆ, 24ರಲ್ಲಿ ಓಡಿಸಿದೆ. ಏರಿಸಿದಷ್ಟೇ ಇಳಿಯುವುದರಿಂದ ತುಟಿ ಹಾಡಿಗೆ ಸರಿಯಾಗಿ ಕೂರುತ್ತೆ, ಆದರೆ ಕೂದಲು, ಸೆರಗು, ಕತ್ತು ತಿರುಗಿಸುವುದು ಎಲ್ಲ ಐದರಲ್ಲಿ ಒಂದು ಪಾಲು ನಿಧಾನ. ಸ್ಲೋ ಮೋಷನ್ ಅಂತ ಯಾರಿಗೂ ಗೊತ್ತಾಗಲ್ಲ, ಒಂದು ತೂಕ ಬಂದಿರುತ್ತೆ. ಮೊದಲು 48 ಫ್ರೇಮ್, ಎರಡು ಪಟ್ಟು ವೇಗ ಅಂತ ನೋಡಿದ್ದೆ. ಆ ವೇಗಕ್ಕೆ ಪದಗಳೇ ಬಾಯಿಗೆ ಹೊರಳಲ್ಲ, ದವಡೆ ಬಿಗಿದು ಮುಖ ಕೆಡುತ್ತೆ. ಡ್ಯಾನ್ಸರ್‌ಗಳಿಗೆ ಮೂಲ ವೇಗದಲ್ಲೇ ತಾಲೀಮು ಮಾಡಿಸಿಬಿಟ್ಟಿದ್ದೆವು, ಅದನ್ನು ಸರಿಮಾಡಲು ಅರ್ಧ ದಿನ ಹೋಯಿತು. ನೀವು ಮಾಡಿದರೆ ವೇಗದ ಟ್ರ್ಯಾಕ್ ಮೊದಲೇ ಕಳಿಸಿ.

ಸುಮ್ನೆ ಇರಲಿ ಅಂತ ಉಲ್ಟಾನೂ ನೋಡಿದೆ. ಹಾಡು 83%, ಶೂಟ್ 20 ಫ್ರೇಮ್. ಮೈಯೆಲ್ಲ ಚುರುಕು ಚುರುಕಾಗಿ, ಒಳಗೆ ಏನೋ ಹೆದರಿಕೆ ಇದ್ದ ಹಾಗೆ ಕಾಣುತ್ತೆ. ಗಾಬರಿಗೆ ಚೆನ್ನಾಗಿದೆ, ಗತ್ತಿಗೆ ಅಲ್ಲ. ನಾಲ್ಕು ಸೆಕೆಂಡ್ ಬಳಸಿಕೊಂಡೆ. ಎರಡನೇ ಚರಣ ದುಃಖದ್ದು. ಅಲ್ಲಿ ಕ್ಯಾಮೆರಾವನ್ನು ಅವಳ ಕಣ್ಣಿಗಿಂತ ಒಂದು ಗೇಣು ಮೇಲೆ ಎತ್ತಿ, ತಲೆಯ ಮೇಲೆ ಅರ್ಧ ಫ್ರೇಮ್ ಖಾಲಿ ಬಿಟ್ಟೆ. ಅದೇ ಬಟ್ಟೆ, ಅದೇ ಲೈಟ್, ಆದರೆ ಕುಗ್ಗಿಹೋದವಳ ಹಾಗೆ ಕಂಡಳು. ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ.

ಎಡಿಟ್‌ನಲ್ಲಿ ಮತ್ತೆ ಜಗಳ. ಹಾಡು 96 ಬಿಪಿಎಂ (ನಿಮಿಷಕ್ಕೆ 96 ಬೀಟ್), ಅಂದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಒಂದು ಬೀಟ್‌ಗೆ 15 ಫ್ರೇಮ್. ಮೊದಲ ಎಡಿಟ್‌ನಲ್ಲಿ ಸುಮಾರು 130 ಕಟ್ ಇದ್ದವು, ಅವಳು ಎಷ್ಟು ಗಟ್ಟಿಯಾಗಿ ನಿಂತಿದ್ದರೂ ಕಟ್‌ಗಳೇ ಅವಳನ್ನು ಅಲುಗಾಡಿಸುತ್ತಿದ್ದವು. ಮೂವತ್ತರ ಹತ್ತಿರಕ್ಕೆ ಇಳಿಸಿದೆ. ಕೊನೆಯ ಪಲ್ಲವಿಯ ಎಂಟು ಬಾರ್ (ನಾಲ್ಕು ಬೀಟ್‌ಗೆ ಒಂದು ಬಾರ್), ಪೂರ್ತಿ 20 ಸೆಕೆಂಡ್, ಒಂದೇ ಶಾಟ್. ಆರನೇ ಬಾರ್‌ನಲ್ಲಿ ಅವಳು ಗಲ್ಲವನ್ನು ಒಂದು ಬೆರಳಿನಷ್ಟು ಎತ್ತುತ್ತಾಳೆ, ಅಷ್ಟು ಹೊತ್ತು ಕತ್ತಲಲ್ಲಿದ್ದ ಕೆನ್ನೆಗೆ ಬೆಳಕಿನ ಒಂದು ಗೆರೆ ಬೀಳುತ್ತೆ. ಫೋಟೋ ಆಗುತ್ತೆ ಅಂದಿದ್ದ ಎಡಿಟರ್ ಅಲ್ಲಿ ಮೂರು ಸಲ ಕಟ್ ಹಾಕಿ ನೋಡಿದರು. ಮೂರು ಸಲವೂ ಅವರೇ ತೆಗೆದರು.