‘ಪೂರ್ವ’ ಎಂಬ ಚೀಟಿಗೆ ಜಾಗ ಹುಡುಕಿದ್ದು

ಹಳೇ ಮದುವೆ ಕರೆಯೋಲೆಗಳ ಹಿಂಬದಿ ಖಾಲಿ ಇರುತ್ತದಲ್ವಾ, ಅವನ್ನು ಕತ್ತರಿಸಿ 50 ಚೀಟಿ ಮಾಡಿಕೊಂಡೆ. ಒಂದೊಂದರ ಮೇಲೂ ಒಂದು ಚೀನೀ ಅಕ್ಷರ ಬರೆದೆ. ಕುದುರೆ, ನೀರು, ರಾಜ, ಮರ, ಪೂರ್ವ, ಹೀಗೆ. ಆಫೀಸ್ ಕೆಲಸಕ್ಕೆಂದು ಕಲಿಯಲು ಶುರುಮಾಡಿದ ಭಾಷೆ ಆಮೇಲೆ ಹುಚ್ಚಾಗಿ ಹಿಡಿದಿತ್ತು. ಅಕಾರಾದಿ ಅನ್ನುವುದೇ ಇಲ್ಲದ ಭಾಷೆಯಲ್ಲಿ ಹಿಂದಿನವರು ನಿಘಂಟಿನ ಪದಗಳನ್ನು ಯಾವ ಸಾಲಿನಲ್ಲಿ ಕೂರಿಸಿದರು? ಓದಿ ಓದಿ ಸಾಕಾಗಿತ್ತು. ನಾನೇ ಕೂರಿಸಿ ನೋಡೋಣ ಅಂತ ಮೂರು ಭಾನುವಾರ ಹಾಲ್‌ನಲ್ಲಿ ಚೀಟಿ ಹರಡಿಕೊಂಡು ಕೂತೆ.

ಮೊದಲ ಭಾನುವಾರ ‘ಅರ್‌ಯಾ’ ಎಂಬ ಹಳೇ ಚೀನೀ ನಿಘಂಟಿನ ಕ್ರಮ. ಸುಮಾರು ಕ್ರಿ.ಪೂ. 3ನೇ ಶತಮಾನದ್ದು, ಒಟ್ಟು 19 ಅಧ್ಯಾಯ. ಮೊದಲ ಮೂರರಲ್ಲಿ ಸಾಮಾನ್ಯ ಪದಗಳು. ಆಮೇಲೆ ನೆಂಟರು, ಮನೆ, ಪಾತ್ರೆ-ಪರಿಕರ, ಸಂಗೀತ, ಆಕಾಶ, ನೆಲ, ದಿಬ್ಬ, ಬೆಟ್ಟ, ನೀರು, ಗಿಡ, ಮರ, ಹುಳ, ಮೀನು, ಹಕ್ಕಿ, ಕಾಡುಪ್ರಾಣಿ, ಕೊನೆಗೆ ಸಾಕುಪ್ರಾಣಿ. ಪುಸ್ತಕದ ಮೊದಲ ಸಾಲಿನಲ್ಲೇ 11 ಪದಗಳನ್ನು ಒಟ್ಟಿಗೆ ಪೇರಿಸಿ ‘ಇವೆಲ್ಲ ಶುರು ಎಂದರ್ಥ’ ಅಂತ ಮುಗಿಸಿಬಿಡುತ್ತದೆ. ಅದರಲ್ಲಿ ತಲೆ ಇದೆ, ಅಡಿಪಾಯ ಇದೆ, ಹೊಟ್ಟೆಯೊಳಗಿನ ಕೂಸೂ ಇದೆ.

ಕಾಫಿ ಹಿಡಿದು ಬಂದ ಅಮ್ಮ ನಿಂತು ನೋಡಿದಳು. “ಇದು ನಮ್ಮ ಅಮರಕೋಶದ ಹಾಗೇ ಇದೆಯಲ್ಲೇ. ಸ್ವರ್ಗವರ್ಗ, ವನೌಷಧಿವರ್ಗ, ಸಿಂಹಾದಿವರ್ಗ ಅಂತ ಬರಲ್ವಾ, ಹಾಗೆ.” ನನಗೆ ಹೊಳೆದೇ ಇರಲಿಲ್ಲ. ಎರಡಕ್ಕೂ ನಂಟಿಲ್ಲ, ಆದರೆ ಜೋಡಿಸಿದ ರೀತಿ ಒಂದೇ.

ಕುದುರೆ ಚೀಟಿ ಸಾಕುಪ್ರಾಣಿಯ ಗುಂಪಿಗೆ ಸಲೀಸಾಗಿ ಹೋಯಿತು. ಅಲ್ಲಿ ಏನೇನಿದೆ ಅಂತೀರಿ! ಕುದುರೆಯ ಹಿಂದಿನ ಬಲಗಾಲು ಬಿಳಿಯಿದ್ದರೆ ‘ಶಿಯಾಂಗ್’, ಹಿಂದಿನ ಎಡಗಾಲು ಬಿಳಿಯಿದ್ದರೆ ‘ಝು’. ಮುಂಗಾಲುಗಳಿಗೆ ಬೇರೆ ಪದ, ನಾಲ್ಕೂ ಗೊರಸು ಬಿಳಿಯಿದ್ದರೆ ಇನ್ನೊಂದು. ಕುದುರೆ ಸಂತೆಗೆ ಹೊರಟವನಿಗೆ ಬರೆದ ಹಾಗಿದೆ.

‘ಪೂರ್ವ’ಕ್ಕೆ ಮಾತ್ರ ಜಾಗ ಸಿಗಲಿಲ್ಲ. ಆಕಾಶದ ಅಧ್ಯಾಯದಲ್ಲಿ ಪೂರ್ವದ ಗಾಳಿಯ ಹೆಸರಿದೆ, ನೆಲದ ಅಧ್ಯಾಯದಲ್ಲಿ ಪೂರ್ವದ ಬೆಟ್ಟದ ರತ್ನಗಳಿವೆ. ಆ ಚೀಟಿಯನ್ನು ಎರಡೂ ಗುಂಪಿನ ನಡುವೆ ಇಟ್ಟು ಎದ್ದೆ.

ಎರಡನೇ ಭಾನುವಾರವೇ ನಿಜವಾದ ಒದ್ದಾಟ. ಶು ಶೆನ್ ಎಂಬ ಪಂಡಿತ ಕ್ರಿ.ಶ. 100ರಲ್ಲಿ ಬರೆದು ಮುಗಿಸಿದ ನಿಘಂಟು ‘ಶುವೊವೆನ್ ಜಿಯೆಜಿ’. ಅದನ್ನು ಚಕ್ರವರ್ತಿಗೆ ಒಪ್ಪಿಸಿದ್ದು 121ರಲ್ಲಿ, ಅದೂ ಅವನ ಮಗ. ಅಪ್ಪನಿಗೆ ಆಗ ಕಾಯಿಲೆ. 9,353 ಅಕ್ಷರಗಳನ್ನು 540 ಮನೆಗಳಿಗೆ ಹಂಚಿದ್ದಾನೆ. ಪ್ರತಿ ಮನೆಗೂ ಒಂದು ಯಜಮಾನ ಅಕ್ಷರ. ಅದು ಯಾವ ಅಕ್ಷರಗಳ ಒಳಗೆ ಭಾಗವಾಗಿ ಕೂತಿದೆಯೋ ಅವು ಆ ಮನೆಯವು.

ಮನೆಗಳ ಸಾಲನ್ನು ನೋಡಿದರೆ ಖುಷಿಯಾಗುತ್ತದೆ. ಮೊದಲ ಮನೆ ‘ಒಂದು’, ಬರೀ ಒಂದು ಅಡ್ಡಗೆರೆ. ಸ್ವಲ್ಪ ಮುಂದೆ ‘ಮೂರು’, ಮೂರು ಅಡ್ಡಗೆರೆ. ಅದರ ಪಕ್ಕ ‘ರಾಜ’: ಮೂರು ಗೆರೆಗೆ ನಡುವೆ ಒಂದು ಉದ್ದಗೆರೆ. ಆಕಾಶ, ಭೂಮಿ, ಮನುಷ್ಯ ಮೂರನ್ನೂ ಸೇರಿಸುವವನೇ ರಾಜ ಅನ್ನುವ ವಿವರಣೆ. ಅದರ ಪಕ್ಕ ‘ಜೇಡ್ ಕಲ್ಲು’. ಮೂರು ಕಲ್ಲು ಪೋಣಿಸಿದ ದಾರ. ಆಕಾರ ಆಕಾರದ ಕೈ ಹಿಡಿದು ಸಾಗುತ್ತದೆ. (1899ರ ಆಚೆಗೆ ಬೆಳಕಿಗೆ ಬಂದ, ಮೂಳೆಗಳ ಮೇಲೆ ಕೊರೆದ ಪುರಾತನ ಚೀನೀ ಬರಹ ನೋಡಿದವರು ‘ರಾಜ’ ಅಕ್ಷರ ಮೊದಲು ಕೊಡಲಿಯ ಚಿತ್ರ ಅನ್ನುತ್ತಾರೆ. ಶು ಶೆನ್‌ಗೆ ಆ ಮೂಳೆಗಳು ಸಿಕ್ಕಿರಲಿಲ್ಲ, ಪಾಪ.)

ಈಗ ‘ಪೂರ್ವ’. ಅಕ್ಷರದಲ್ಲಿ ಮರ ಎದ್ದು ಕಾಣುತ್ತದೆ, ಅದರ ನಡುವೆ ಸೂರ್ಯ ಸಿಕ್ಕಿಕೊಂಡ ಹಾಗಿದೆ. ಶು ಶೆನ್ ಕೊಡುವ ವಿವರಣೆಯೂ ಅದೇ. ಸರಿ, ಮರದ ಮನೆಯಲ್ಲೇ ಇರಬೇಕು ಅಂತ ಮರುಮುದ್ರಣದ ದಪ್ಪ ಪುಸ್ತಕ ತೆಗೆದೆ. ಮರದ ಮನೆಯಲ್ಲಿ 421 ಅಕ್ಷರ. ಬೆರಳಿಟ್ಟು ಎರಡು ಸಲ ಹುಡುಕಿದೆ. ಮಧ್ಯಾಹ್ನದ ಊಟ ಆರಿಹೋಯಿತು. ಇಲ್ಲ!

ಸೋತು ಪುಟ ತಿರುಗಿಸಿದರೆ ಪಕ್ಕದ ಮನೆಯ ಯಜಮಾನನೇ ‘ಪೂರ್ವ’. ಆ ಮನೆಯಲ್ಲಿ ಅವನಲ್ಲದೆ ಇರುವುದು ಒಂದೇ ಅಕ್ಷರ, ಎರಡು ‘ಪೂರ್ವ’ ಅಕ್ಕಪಕ್ಕ ನಿಂತದ್ದು. ಅದರ ವಿವರಣೆಯ ಕೊನೆಯಲ್ಲಿ ಶು ಶೆನ್ ಬರೆದದ್ದು ಒಂದೇ ಪದ: ‘ಖಾಲಿ’. ಅಂದರೆ ತನಗೆ ತಿಳಿಯದು ಅಂತ. ಗೊತ್ತಿಲ್ಲದ ಆ ಒಂದು ಅಕ್ಷರಕ್ಕೆ ನೆಲೆ ಬೇಕು ಅಂತಲೇ ‘ಪೂರ್ವ’ಕ್ಕೆ ಬೇರೆ ಮನೆ ಕಟ್ಟಿಕೊಟ್ಟ ಹಾಗಿದೆ. ಊಟ ಆರಿದ ಸಿಟ್ಟು ಅಲ್ಲಿಗೆ ಇಳಿಯಿತು.

ಮೂರನೇ ಭಾನುವಾರ ಸದ್ದಿನ ಕ್ರಮ. ಲು ಫಾಯಾನ್ ಎಂಬವನ ಮನೆಗೆ ಒಂದು ರಾತ್ರಿ ಎಂಟು ಜನ ಗೆಳೆಯರು ಬಂದಿದ್ದರು. ಕುಡಿದು ಮುಗಿಯುವ ಹೊತ್ತಿಗೆ ಉಚ್ಚಾರದ ಮಾತು ಬಂತು. ಆ ಸೀಮೆಯವರ ಮಾತು ತೀರಾ ಹಗುರ, ಈ ಸೀಮೆಯವರದು ತೀರಾ ಭಾರ ಅಂತ. ನಮ್ಮಲ್ಲಿ ಧಾರವಾಡದವರೂ ಮಂಗಳೂರಿನವರೂ ಕೂತರೆ ಶುರುವಾಗುವ ವಾದವೇ. ಅವನು ದೀಪದ ಬೆಳಕಲ್ಲಿ ಗುರುತು ಹಾಕಿಕೊಂಡದ್ದು ಬೆಳೆದು 601ರಲ್ಲಿ ‘ಚಿಯೆಯುನ್’ ಎಂಬ ನಿಘಂಟಾಯಿತು. ಅಕ್ಷರಗಳನ್ನು ವಿಂಗಡಿಸಿದ್ದು ಮೊದಲು ಸ್ವರದ, ಅಂದರೆ ದನಿಯ, ಏರಿಳಿತದಿಂದ, ಅದರೊಳಗೆ ಪ್ರಾಸದಿಂದ. ಒಟ್ಟು 193 ಪ್ರಾಸದ ಗುಂಪುಗಳು. ನಾನು ಬಳಸಿದ್ದು ಅದನ್ನೇ ಹಿಗ್ಗಿಸಿದ 1008ರ ‘ಗುವಾಂಗ್‌ಯುನ್’. ಅದರಲ್ಲಿ 206.

ಎರಡು ಭಾನುವಾರ ಸತಾಯಿಸಿದ ‘ಪೂರ್ವ’ ಇಲ್ಲಿ ಮೊದಲ ಗುಂಪಿನ ಮೊದಲ ಅಕ್ಷರ! ಉಚ್ಚಾರ ಹೇಳಲು ಎರಡು ಅಕ್ಷರ ಕೊಟ್ಟಿದ್ದಾರೆ: ‘ದೆ’ ಮತ್ತು ‘ಹೊಂಗ್’. ಮೊದಲನೆಯದರಿಂದ ವ್ಯಂಜನ ತಗೊಳ್ಳಿ, ಎರಡನೆಯದರಿಂದ ಉಳಿದದ್ದು. ದೊಂಗ್. ಕಾಗುಣಿತ ಬರೆದು ಬೆಳೆದವರಿಗೆ ಇದು ಸಲೀಸು.

ಆದರೆ ಏರಿಳಿತವೂ ಎರಡನೆಯದರಿಂದಲೇ ಬರಬೇಕು. ‘ಹೊಂಗ್’ ಇವತ್ತು ಏರುವ ಸ್ವರ. ನಾನೂ ಏರಿಸಿಯೇ ‘ದೊಂಗ್’ ಅಂದೆ. ಆನ್‌ಲೈನ್ ಪಾಠದಲ್ಲಿ ಟೀಚರ್ ನಕ್ಕರು. ಪೂರ್ವ ಅನ್ನುವ ‘ದೊಂಗ್’ ಏರುವುದಿಲ್ಲ, ಮಟ್ಟಸ. ಆ ಕಾಲದಲ್ಲಿ ಎರಡಕ್ಕೂ ಒಂದೇ ಸ್ವರವಿತ್ತಂತೆ. ಆಮೇಲೆ ಅದು ಎರಡಾಗಿ ಒಡೆಯಿತು. ವ್ಯಂಜನ ಘೋಷವಾಗಿದ್ದ ಅಕ್ಷರಗಳು ಒಂದು ಕಡೆ, ಅಘೋಷದವು ಇನ್ನೊಂದು ಕಡೆ. ನನ್ನ ತಪ್ಪಿಗೆ ಸಾವಿರ ವರ್ಷದ ಇತಿಹಾಸವಿದೆ ಅಂತ ಸಮಾಧಾನ ಮಾಡಿಕೊಂಡೆ.

ಅಮ್ಮನಿಗೆ ಮೂರೂ ಗುಂಪು ತೋರಿಸಿದೆ. “ಎಲ್ಲ ಸರಿ. ಅರ್ಥವೂ ಗೊತ್ತಿಲ್ಲ, ಓದೋಕೂ ಬರಲ್ಲ ಅನ್ನೋ ಅಕ್ಷರ ಎದುರಿಗೆ ಬಂದ್ರೆ ಹುಡುಕೋದು ಹೇಗೆ?” ಅಂದಳು.

ಅದಕ್ಕೆ ತುಂಬಾ ಕಾಯಬೇಕಾಯಿತು. 1615ರಲ್ಲಿ ಮೆಯ್ ಯಿಂಗ್‌ಜುವೊ ಎಂಬ ನಿಘಂಟುಕಾರ 540 ಮನೆಗಳನ್ನು 214ಕ್ಕೆ ಇಳಿಸಿ, ಒಳಗಿನ ಅಕ್ಷರಗಳನ್ನು ಗೆರೆ ಎಣಿಸಿ ಕೂರಿಸಿದ. 1716ರ ಕಾಂಗ್‌ಶಿ ನಿಘಂಟೂ ಅದನ್ನೇ ಹಿಡಿಯಿತು. ಅಲ್ಲಿ ‘ಪೂರ್ವ’ ಇರುವುದು ನಾನು ಮೊದಲು ಹುಡುಕಿದ ಮರದ ಮನೆಯಲ್ಲೇ, ಮರಕ್ಕಿಂತ ನಾಲ್ಕು ಗೆರೆ ಜಾಸ್ತಿ ಇರುವವರ ಸಾಲಿನಲ್ಲಿ. ಅಮ್ಮ ಚೀಟಿಯ ಮೇಲೆ ಬೆರಳಿಟ್ಟು ಗೆರೆ ಎಣಿಸಿದಳು. ಒಂಬತ್ತು ಬಂತು. ಅಕ್ಷರದ ನಡುವಿನ ಡಬ್ಬಿಯ ಬಲಮೂಲೆಯನ್ನು ಒಂದೇ ಎಳೆತದಲ್ಲಿ ಬರೆಯಬೇಕು ಅಂತ ತೋರಿಸಿದ ಮೇಲೆ ಎಂಟಾಯಿತು.