ಹಾಲ್ಟಿಂಗ್ ಪ್ರಾಬ್ಲಮ್ ಸಾಧನೆ: ನಾನು ಬರೆಯುವ ಕ್ರಮ

ಹಾಲ್ಟಿಂಗ್ ಪ್ರಾಬ್ಲಮ್‌ನ ಸಾಧನೆ ಹತ್ತು ಸಾಲಿಗೆ ಮುಗಿಯುತ್ತದೆ: ಯಾವುದೇ ಪ್ರೋಗ್ರಾಮ್ ಎಂದಾದರೂ ನಿಲ್ಲುತ್ತದೆಯೋ ಇಲ್ಲವೋ ಎಂದು ತಪ್ಪದೆ ಹೇಳುವ ಪ್ರೋಗ್ರಾಮ್ ಬರೆಯಲಾಗದು ಎಂಬುದರ ಪ್ರೂಫ್ ಅದು. ಆದರೂ ಓದಿದವರಿಗೆ ಏನೋ ಕಣ್ಕಟ್ಟು ನಡೆದ ಹಾಗೆ ಅನ್ನಿಸುತ್ತದೆ. ಷರತ್ತುಗಳನ್ನು ಸಡಿಲವಾಗಿ ಬರೆದರೆ ಹಾಗಾಗುತ್ತದೆ. ಅದಕ್ಕೇ ನಾನು ಮೊದಲು ಅವನ್ನು ಬಿಗಿ ಮಾಡಿಕೊಳ್ಳುತ್ತೇನೆ.

‘ನಿಲ್ಲುತ್ತಾ’ ಎಂಬ ಪ್ರೋಗ್ರಾಮ್ ಇದೆ ಎಂದಿಟ್ಟುಕೊಳ್ಳಿ. ಇನ್‌ಪುಟ್ ಎರಡು: ಯಾವುದಾದರೂ ಪ್ರೋಗ್ರಾಮ್‌ನ ಕೋಡ್, ಅದಕ್ಕೆ ಕೊಡುವ ಡೇಟಾ. ಯಾವ ಜೋಡಿ ಕೊಟ್ಟರೂ, ಆ ಡೇಟಾದ ಮೇಲೆ ಆ ಪ್ರೋಗ್ರಾಮ್ ನಿಲ್ಲುತ್ತದೆಯೇ ಎಂಬುದಕ್ಕೆ ಅದು ‘ಹೌದು’ ಅಥವಾ ‘ಇಲ್ಲ’ ಎಂದು ಉತ್ತರಿಸಬೇಕು, ಉತ್ತರ ಸರಿಯಿರಬೇಕು, ತಾನೂ ನಿಲ್ಲಬೇಕು. ಒಂದೇ ಜೋಡಿಯ ಬಗ್ಗೆ ಕೇಳಿದರೆ ಪ್ರಶ್ನೆಯಲ್ಲಿ ಹುರುಳಿಲ್ಲ. ‘ಹೌದು’ ಎಂದಷ್ಟೇ ಹೇಳುವ ಪ್ರೋಗ್ರಾಮ್ ಒಂದು, ‘ಇಲ್ಲ’ ಎಂದಷ್ಟೇ ಹೇಳುವುದು ಇನ್ನೊಂದು. ಎರಡರಲ್ಲಿ ಒಂದು ಸರಿ ಇದ್ದೇ ಇರುತ್ತದೆ. ಎಲ್ಲ ಜೋಡಿಗಳಿಗೂ ಸಲ್ಲುವ ಒಂದೇ ಪ್ರೋಗ್ರಾಮ್ ಇಲ್ಲ ಎನ್ನುವುದನ್ನೇ ತೋರಿಸಬೇಕು.

ಇನ್ನು ‘ವಕ್ರ’ ಎಂಬ ಪ್ರೋಗ್ರಾಮನ್ನು ಕಟ್ಟೋಣ (ಪ ಎಂದರೆ ಅದಕ್ಕೆ ಕೊಡುವ ಯಾವುದಾದರೂ ಪ್ರೋಗ್ರಾಮ್):

ವಕ್ರ(ಪ):
– ನಿಲ್ಲುತ್ತಾ(ಪ, ಪ) ‘ಹೌದು’ ಅಂದರೆ ಕೊನೆಯಿಲ್ಲದ ಲೂಪ್‌ಗೆ ಹೋಗು
– ‘ಇಲ್ಲ’ ಅಂದರೆ ನಿಲ್ಲು

ವಕ್ರಕ್ಕೆ ವಕ್ರದ್ದೇ ಕೋಡ್ ಕೊಡಿ. ‘ನಿಲ್ಲುತ್ತದೆ’ ಎಂದು ಉತ್ತರ ಬಂದರೆ ಅದು ನಿಲ್ಲುವುದಿಲ್ಲ. ‘ನಿಲ್ಲುವುದಿಲ್ಲ’ ಎಂದು ಬಂದರೆ ನಿಲ್ಲುತ್ತದೆ. ಎರಡು ಕಡೆಯೂ ವೈರುಧ್ಯ, ಅಂದರೆ ಅಂಥ ‘ನಿಲ್ಲುತ್ತಾ’ ಇರಲಾರದು.

ಇಲ್ಲಿ ತಪ್ಪದೆ ಬರುವ ಆಕ್ಷೇಪ: ‘ನಿಲ್ಲುತ್ತಾ’ ವಕ್ರವನ್ನು ಮಾತ್ರ ಗುರುತಿಸಿ ಅದಕ್ಕೆ ಬೇರೆ ಉತ್ತರ ಕೊಟ್ಟರಾಯಿತಲ್ಲ? ಆಗುವುದಿಲ್ಲ. ವಕ್ರದೊಳಗೇ ‘ನಿಲ್ಲುತ್ತಾ’ ಕೂತಿದೆ. ಅದನ್ನು ತಿದ್ದಿದರೆ ಹೊಸ ವಕ್ರ ಹುಟ್ಟುತ್ತದೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಒಂದು ನಿಜವಾದ ‘ನಿಲ್ಲುತ್ತಾ’ ಬರೆದು ಕೆಡಿಸಿ ತೋರಿಸುವುದೇ ವಾಸಿ. ಕೊಟ್ಟ ಪ್ರೋಗ್ರಾಮನ್ನು 1000 ಹೆಜ್ಜೆ ಓಡಿಸಿ, ಅಷ್ಟರಲ್ಲಿ ನಿಂತರೆ ‘ಹೌದು’, ಇಲ್ಲದಿದ್ದರೆ ‘ಇಲ್ಲ’ ಅನ್ನಲಿ. ವಕ್ರದ ಮೇಲೆ ಬಿಟ್ಟಾಗ ಆ 1000 ಹೆಜ್ಜೆಯೂ ಒಳಗಿನ ‘ನಿಲ್ಲುತ್ತಾ’ವನ್ನು ಅನುಕರಿಸುವುದರಲ್ಲೇ ಮುಗಿಯುತ್ತದೆ. ಉತ್ತರ ‘ಇಲ್ಲ’. ಅದನ್ನು ಕೇಳಿದ ವಕ್ರ ತಕ್ಷಣ ನಿಲ್ಲುತ್ತದೆ, ಅಲ್ಲಿಗೆ ಉತ್ತರ ತಪ್ಪು. ಮಿತಿಯನ್ನು 10 ಲಕ್ಷಕ್ಕೆ ಏರಿಸಿದರೂ ಕಥೆ ಇದೇ. ಮಿತಿಯನ್ನೇ ತೆಗೆದುಹಾಕಿದರೆ ಅನುಕರಣೆಯೊಳಗೆ ಅನುಕರಣೆ ಶುರುವಾಗಿ ಉತ್ತರವೇ ಬರುವುದಿಲ್ಲ. ಮೊದಲನೆಯದು ಸರಿಯಿರಬೇಕೆಂಬ ಷರತ್ತನ್ನು ಮುರಿಯಿತು, ಎರಡನೆಯದು ನಿಲ್ಲಬೇಕೆಂಬ ಷರತ್ತನ್ನು.

(ಅಂದಹಾಗೆ, ಈ ವಿಷಯಕ್ಕೆ ಮೂಲವಾದ, ಗಣಿತಜ್ಞ ಅಲನ್ ಟ್ಯೂರಿಂಗ್ ಅವರ 1936ರ ಪ್ರಬಂಧದಲ್ಲಿ ಪ್ರಶ್ನೆ ಈ ರೂಪದಲ್ಲಿಲ್ಲ. ಯಂತ್ರವೊಂದು ಅಂಕಿಗಳನ್ನು ಕೊನೆಯಿಲ್ಲದೆ ಅಚ್ಚಿಸುತ್ತಾ ಹೋಗುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ‘ಹಾಲ್ಟಿಂಗ್’ ಎಂಬ ಹೆಸರು ಆಮೇಲಿನದು.)

ಇಷ್ಟು ಕೈಗೆ ಬಂದ ಮೇಲೆ ಉಳಿದ ಪ್ರಶ್ನೆಗಳಿಗೆ ವಕ್ರವನ್ನು ಮತ್ತೆ ಕಟ್ಟುವುದು ಬೇಡ, ರಿಡಕ್ಷನ್ (ಒಂದು ಪ್ರಶ್ನೆಯನ್ನು ಇನ್ನೊಂದಕ್ಕೆ ಇಳಿಸಿ ತೋರಿಸುವುದು) ಸಾಕು. ಹೆಚ್ಚು ಜನ ಎಡವುವುದು ಅದರ ದಿಕ್ಕಿನಲ್ಲಿ. ಹೊಸ ಪ್ರಶ್ನೆಗೆ ಉತ್ತರಿಸುವ ಪ್ರೋಗ್ರಾಮ್ ಇದ್ದರೆ ಅದರಿಂದ ‘ನಿಲ್ಲುತ್ತಾ’ವನ್ನು ತಯಾರಿಸಬಹುದು ಎಂದು ತೋರಿಸಬೇಕು. ತಿರುಗಿಸಿ ಬರೆದರೆ ಏನೂ ಸಾಧಿಸಿದಂತಾಗಲಿಲ್ಲ. ಉದಾಹರಣೆಗೆ, ‘ಈ ಪ್ರೋಗ್ರಾಮ್ ಎಂದಾದರೂ ನಮಸ್ಕಾರ ಎಂದು ಪ್ರಿಂಟ್ ಮಾಡುತ್ತದೆಯೇ?’ ಎಂಬ ಪ್ರಶ್ನೆ ತೆಗೆದುಕೊಳ್ಳಿ. ಪ ಮತ್ತು ಡೇಟಾ ಕೊಟ್ಟಾಗ ಕ ಎಂಬ ಹೊಸ ಪ್ರೋಗ್ರಾಮ್ ಬರೆಯಿರಿ: ಅದು ಪ‌ವನ್ನು ಆ ಡೇಟಾದ ಮೇಲೆ ಓಡಿಸಿ, ಮುಗಿದ ಮೇಲೆ ‘ನಮಸ್ಕಾರ’ ಅನ್ನಬೇಕು. ಕ ‘ನಮಸ್ಕಾರ’ ಅನ್ನುತ್ತದೆ ಎಂದರೆ ಪ ನಿಲ್ಲುತ್ತದೆ, ಅನ್ನುವುದಿಲ್ಲ ಎಂದರೆ ನಿಲ್ಲುವುದಿಲ್ಲ. ಇಲ್ಲೊಂದು ಗುಂಡಿಯಿದೆ. ಪ ತಾನೇ ನಡುವೆ ‘ನಮಸ್ಕಾರ’ ಎಂದು ಪ್ರಿಂಟ್ ಮಾಡಿ ಆಮೇಲೆ ಲೂಪ್‌ಗೆ ಬಿದ್ದರೆ ಸಾಧನೆ ಹಾಳು. ಆದ್ದರಿಂದ ಓಡಿಸುವಾಗ ಪ‌ದ ಔಟ್‌ಪುಟ್ಟನ್ನೆಲ್ಲ ಬಾಯಿ ಮುಚ್ಚಿಸಬೇಕು. ಇನ್ನೊಂದು ಎಚ್ಚರ: ಕ‌ವನ್ನು ಬರೆದು, ‘ನಮಸ್ಕಾರ’ ಪ್ರಶ್ನೆಗೆ ಉತ್ತರಿಸುವ ಪ್ರೋಗ್ರಾಮ್‌ಗೆ ಅದರ ಕೋಡ್ ಕೊಡಬೇಕಷ್ಟೇ, ಓಡಿಸಬಾರದು. ಓಡಿಸಿದರೆ ನಮ್ಮ ‘ನಿಲ್ಲುತ್ತಾ’ವೇ ನಿಲ್ಲದೆ ಹೋಗಬಹುದು.

ಕೋಡ್ ಪರೀಕ್ಷಿಸುವ ಹಲವು ಟೂಲ್‌ಗಳು ‘ಗೊತ್ತಿಲ್ಲ’ ಎಂಬ ಮೂರನೇ ಉತ್ತರ ಇಟ್ಟುಕೊಂಡಿರುವುದು ಈ ಕಾರಣಕ್ಕೇ. ಪರೀಕ್ಷಿಸುವ ಪ್ರೋಗ್ರಾಮ್‌ಗಳ ವರ್ಗವನ್ನು ಕಿರಿದು ಮಾಡಿಕೊಂಡರೆ ಮಾತ್ರ ಪೂರ್ಣ ಉತ್ತರ ಸಿಗುತ್ತದೆ. 5 ಸ್ಥಿತಿ, 2 ಚಿಹ್ನೆಗಳ ಟ್ಯೂರಿಂಗ್ ಯಂತ್ರಗಳಲ್ಲಿ (ಟೇಪ್ ಮೇಲೆ ಚಿಹ್ನೆ ಓದಿ ಬರೆಯುವ ಸರಳ ಕಾಲ್ಪನಿಕ ಕಂಪ್ಯೂಟರ್‌ಗಳಲ್ಲಿ) ಖಾಲಿ ಟೇಪ್ ಮೇಲೆ ಶುರುವಾಗಿ ನಿಲ್ಲುವಂಥವು ಗರಿಷ್ಠ 4,71,76,870 ಹೆಜ್ಜೆ ಓಡುತ್ತವೆ ಎಂಬುದು 2024ರಲ್ಲಿ ಸಾಬೀತಾಯಿತು. ಅಷ್ಟು ಹೆಜ್ಜೆ ದಾಟಿದ ಯಂತ್ರ ಇನ್ನು ನಿಲ್ಲುವುದಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಸ್ಥಿತಿಗಳ ಸಂಖ್ಯೆ ಎಷ್ಟೇ ಕೊಟ್ಟರೂ ಇಂಥ ಮಿತಿ ಹೇಳುವ ಪ್ರೋಗ್ರಾಮ್ ಮಾತ್ರ ಇರಲಾರದು. ಇದ್ದಿದ್ದರೆ ಅದನ್ನು ಹಿಡಿದುಕೊಂಡೇ ‘ನಿಲ್ಲುತ್ತಾ’ ಬರೆಯಬಹುದಿತ್ತು.